ಏಳು ಪಾಯಿಂಟ್ ಒಂದು

ಆಡಳಿತ ಕಚೇರಿಯ ಹೊರಗಿನ ಬೆಂಚಿನ ಮೇಲೆ ತೊಟ್ಟಿಯಕ್ಕ ಆಗಲೇ ಬಂದು ಕೂತಿರಬಹುದೆಂದು ಹೊಳೆದಿದ್ದರೆ ಅವನು ಹಿಂದಿನ ಮೆಟ್ಟಿಲು ಹತ್ತಿ ಬರುತ್ತಿದ್ದ. ತಿರುವಿನಲ್ಲಿ ಕಂಡುಬಿಟ್ಟಳು. ಕಂಡಮೇಲೆ ಹಿಂತಿರುಗುವಂತಿರಲಿಲ್ಲ, ಏಕೆಂದರೆ ಅವಳೂ ಅವನನ್ನು ಕಂಡಿದ್ದಳು. ಕಂಡದ್ದಷ್ಟೇ ಅಲ್ಲ, ಮುಖವರಳಿಸಿ, ಪಕ್ಕದಲ್ಲಿದ್ದ ಕೈಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಅವನಿಗೆ ಜಾಗ ಮಾಡಿದಳು.

"ಬಾ ತಮ್ಮಾ, ಕೂತ್ಕೋ. ನಿನ್ನನ್ನೂ ಕರೆಸಿದಾರಾ, ಪಾಪ."

ಅವಳು ಕನಿಕರಕ್ಕೆಂದು ಆಡಿದ ಪಾಪ ಅವನ ಕಿವಿಯಲ್ಲಿ ಬೇರೆಯೇ ಪಾಪವಾಗಿ ಇಳಿಯಿತು. ಕೂತ. ಬೆಂಚು ಸಣ್ಣದು, ಇಬ್ಬರ ಮೊಣಕೈಗಳೂ ತಾಕುವಷ್ಟು. ಅವಳ ಮೈಯಿಂದ ಯಾವಾಗಲೂ ಬರುತ್ತಿದ್ದ ಪಾಚಿಯ, ಒದ್ದೆ ಗಾಜಿನ ವಾಸನೆ ಇವತ್ತು ಇರಲಿಲ್ಲ. ಸೋಪಿನ ವಾಸನೆಯಿತ್ತು. ಇಸ್ತ್ರಿ ಮಾಡಿದ ಬಟ್ಟೆ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಕೂದಲು. ಯಾರದೋ ಮದುವೆಗೆ ಹೊರಟವಳ ಹಾಗೆ ಸಿದ್ಧವಾಗಿ ಬಂದು ಅವಳು ತನ್ನ ಕೆಲಸ ಕಳೆದುಕೊಳ್ಳಲು ಕಾಯುತ್ತಿದ್ದಾಳೆ ಎಂದುಕೊಂಡ. ಅವನು ಶರ್ಟಿನ ತೋಳಿನ ಗುಂಡಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದ.

"ಒಳಗೆ ಹೋದ್ಮೇಲೆ ನಾನೇನು ಹೇಳ್ಬೇಕು ಹೇಳು," ಎಂದಳು ದನಿ ತಗ್ಗಿಸಿ. "ನಂಗೆ ದೊಡ್ಡವರ ಮುಂದೆ ಮಾತು ಬರಲ್ಲ."

"ನಡೆದದ್ದು ಹೇಳಿ ಅಕ್ಕ."

"ನಡೆದದ್ದೇನು ಅಂತ ನಂಗೇ ತಿಳೀತಿಲ್ವಲ್ಲೋ."

ಅವನಿಗೆ ತಿಳಿದಿತ್ತು. ಇಡೀ ಸಂಸ್ಥೆಯಲ್ಲಿ ತಿಳಿದಿದ್ದವನು ಅವನೊಬ್ಬನೇ. ಎದುರು ಗೋಡೆಯ ಮೇಲೆ ಬಣ್ಣ ಎದ್ದು ಒಂದು ಪದರ ಕೆಳಗೆ ಬಾಗಿತ್ತು; ಅದು ಬೀಳುತ್ತದೋ ಇಲ್ಲವೋ ಎಂದು ಅದನ್ನೇ ನೋಡುತ್ತ ಕೂತ.

ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಮೀನಿನ ಕೋಣೆಯ ಗಾಜಿನ ತೊಟ್ಟಿಗಳನ್ನು ತಿಕ್ಕುವವಳು, ನೀರು ಬದಲಿಸುವವಳು, ಮೇವು ಹಾಕುವವಳು, ಹಾಗಾಗಿ ತೊಟ್ಟಿಯಕ್ಕ. ಬೆರಳ ಗೆಣ್ಣಿನಷ್ಟುದ್ದದ, ಮೈತುಂಬ ನೀಲಿ ಗೆರೆಗಳ ಮೀನುಗಳು. ಅವುಗಳ ಮರಿಗಳು ಗಾಜಿನಷ್ಟು ತಿಳಿ. ಕೊಯ್ಯದೆಯೇ, ಮುಟ್ಟದೆಯೇ, ಎದೆ ಬಡಿಯುವುದು ಹೊರಗಿನಿಂದ ಕಾಣುತ್ತದೆ. ಹೃದಯದ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುವ ಮೇಡಂ, ತಮ್ಮ ತಲೆಗೂದಲು ಕಪ್ಪಿದ್ದಾಗಿನಿಂದ ಒಂದು ತಳಿಯನ್ನು ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಂಡು ಬಂದಿದ್ದರು. ಒಮ್ಮೆ ಅವನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿದ್ದರು. ಒಂದು ಧೂಳಿನ ಕಣದಂಥ ಎದೆ, ತನ್ನ ಪಾಡಿಗೆ ತಾನು ಮಿಡಿಯುತ್ತಿತ್ತು. ನೋಡಿ ಅವನು "ಓ" ಎಂದಷ್ಟೇ ಅಂದಿದ್ದ. ಆಮೇಲೆ ಮನೆಗೆ ಹೋಗುವ ದಾರಿಯುದ್ದಕ್ಕೂ ಇನ್ನೂ ಒಳ್ಳೆಯ ಮಾತು ಹೇಳಬಹುದಿತ್ತು ಎಂದು ಕೊರಗಿದ್ದ.

ಅವನು ಆ ಸಂಸ್ಥೆಯ ಕಂಪ್ಯೂಟರಿನವನು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅವನೇ, ಪಾಸ್‌ವರ್ಡ್ ಮರೆತರೂ ಅವನೇ. ವಿಜ್ಞಾನಿಗಳ ನಡುವೆ ಊಟಕ್ಕೆ ಕೂತಾಗ ಮಾತು ಅವನ ಪಕ್ಕದಿಂದ ಹಾದು ಆಚೆಗೆ ಹೋಗುತ್ತಿತ್ತು, ಉಪ್ಪಿನ ಡಬ್ಬಿ ದಾಟಿಸುವ ಹಾಗೆ. ಆದ್ದರಿಂದಲೇ ಮೇಡಂ ಬಂದು, ತೊಟ್ಟಿಯ ನೀರಿನಲ್ಲಿ ಆಮ್ಲಜನಕ ಎಷ್ಟಿದೆಯೆಂದು ಹೊರಗಿನ ಕೋಣೆಯಲ್ಲೇ ಕಾಣುವಂತೆ ಮಾಡಲು ಸಾಧ್ಯವೇ ಎಂದು ಕೇಳಿದಾಗ, ಅವನು ಕೂತಲ್ಲಿ ನಿಂತಲ್ಲಿ ಅದನ್ನೇ ಯೋಚಿಸಿದ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದ. ತೊಟ್ಟಿಗಳ ಹತ್ತಿರ ಆಮ್ಲಜನಕ ಅಳೆಯುವ ಸೆನ್ಸರ್ ಪೆಟ್ಟಿಗೆ ನಿಧಾನಸ್ಥ. ಕೇಳಿದ ಪ್ರಶ್ನೆಗೆ ತನಗೆ ತೋಚಿದಾಗ ಉತ್ತರ ಕೊಡುವಂಥದ್ದು. ಅದರ ಉತ್ತರಕ್ಕೆಂದು ಪರದೆಯ ಮೇಲಿನ ವಿಂಡೋ ಕಾಯುತ್ತ ನಿಂತರೆ ವಿಂಡೋವೇ ಮರಗಟ್ಟಿ ಹೋಗುತ್ತದೆ. ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿದ. ಕಾಯುವುದು ಒಬ್ಬರ ಪಾಲಿಗೆ, ತೋರಿಸುವುದು ಇನ್ನೊಬ್ಬರ ಪಾಲಿಗೆ. ಕಾಯುವ ಪಾಲು ಪೆಟ್ಟಿಗೆಯಿಂದ ಅಂಕಿ ಬಂದಾಗ ತಂದು ಒಂದು ಕಡೆ ಇಡುವುದು. ತೋರಿಸುವ ಪಾಲು ಅರ್ಧರ್ಧ ಸೆಕೆಂಡಿಗೆ ಬಂದು, ಅಲ್ಲಿ ಇಟ್ಟದ್ದನ್ನು ನೋಡಿ ಪರದೆಯ ಮೇಲೆ ಬರೆಯುವುದು. ಎರಡೂ ತಾನೇ ಮನೆಯ ಯಜಮಾನ ಎನ್ನುವಂಥವು. ಒಂದು ಓಡುತ್ತಿದ್ದರೆ ಇನ್ನೊಂದನ್ನು ಓಡಗೊಡುವುದಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಗಟ್ಟಿಗಿತ್ತಿಯರನ್ನು ಜಗಳವಾಡದಂತೆ ಇರಿಸಿದವನ ಹೆಮ್ಮೆ ಅವನಿಗಾಗಿತ್ತು. ಮೊದಲ ಸಲ ಎರಡೂ ಕೂಡಿ ಓಡಿದಾಗ ಖಾಲಿ ಕೋಣೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿ, ಯಾರಾದರೂ ಕೇಳಿಸಿಕೊಂಡರೋ ಎಂದು ಬಾಗಿಲ ಕಡೆ ನೋಡಿದ್ದ.

ಮೇಡಂ ನೋಡಿ ಮೆಚ್ಚಿದರು. ಎರಡು ಮಾತು ಮಾತ್ರ ಹೇಳಿದರು. ವಿಂಡೋದ ಹಿಂದೆ ಒಂದು ಕಪ್ಪು ಚೌಕ ತೆರೆದುಕೊಂಡು ಅದರಲ್ಲಿ ಏನೇನೋ ಅಕ್ಷರ ಬರುತ್ತದಲ್ಲ, ಅದು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ. ಇನ್ನೊಂದು, ಅಂಕಿ ಬಹಳ ಹೊತ್ತು ಒಂದೇ ಇರುತ್ತದೆ, ಪ್ರೋಗ್ರಾಂ ಬದುಕಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಅವನು ಆ ಕಪ್ಪು ಚೌಕವನ್ನು ಅಡಗಿಸಿದ. ತಪ್ಪಾದರೆ ಪ್ರೋಗ್ರಾಂ ಬಾಯಿ ಬಿಡುತ್ತಿದ್ದದ್ದು ಅಲ್ಲಿಯೇ. ಮತ್ತೆ ಅಂಕಿಯ ಪಕ್ಕದಲ್ಲಿ ಗಡಿಯಾರವನ್ನೂ ಮಿಟುಕುವ ಹಸಿರು ಚುಕ್ಕೆಯನ್ನೂ ಇಟ್ಟ. ಚುಕ್ಕೆಯನ್ನು ಮಿಟುಕಿಸುತ್ತಿದ್ದದ್ದು ತೋರಿಸುವ ಪಾಲು. ಕಾಯುವ ಪಾಲಿಗೂ ಅದಕ್ಕೂ ಸಂಬಂಧವಿರಲಿಲ್ಲ. ಇದು ಅವನಿಗೆ ಗೊತ್ತಿತ್ತೇ? ಗೊತ್ತಿತ್ತು, ಸಂತೆಯಲ್ಲಿ ಜೇಬಿನ ಕಡೆ ಕೈ ಬಂದದ್ದು ಗೊತ್ತಾಗಿಯೂ ತಿರುಗಿ ನೋಡದವನಿಗೆ ಗೊತ್ತಿರುವ ಹಾಗೆ. ಆಮೇಲೆ ನೋಡೋಣ ಎಂದುಕೊಂಡಿದ್ದ.

"ಆಗ ನಾನು ಒಳಗೆ ಹೋಗಿ ಹೋಗಿ ನೋಡ್ತಿದ್ದೆ, ನೆನಪಿದೆಯಾ?" ಎಂದು ಪಕ್ಕದಲ್ಲಿ ತೊಟ್ಟಿಯಕ್ಕ ಹೇಳುತ್ತಿದ್ದಳು. "ಮೇಡಂ ಬೈಯೋರು. ಹೆಜ್ಜೆ ಸದ್ದಿಗೆ ಬೆದರಿ ಮೊಟ್ಟೆ ಇಡಲ್ಲ ಅಂತ."

ನೆನಪಿತ್ತು. ಅವಳನ್ನು ಪರದೆಯ ಮುಂದೆ ಕುರ್ಚಿ ಹಾಕಿ ಕೂರಿಸಿದ್ದು, ತಾನು ಪಕ್ಕದಲ್ಲಿ ಮೇಷ್ಟರಂತೆ ನಿಂತದ್ದು. "ಇನ್ಮೇಲೆ ಒಳಗೆ ಹೋಗೋದು ಬೇಡ ಅಕ್ಕ. ಆಮ್ಲಜನಕ ಕಮ್ಮಿಯಾದ್ರೆ ಇದು ಕೆಂಪಾಗಿ ಕೂಗುತ್ತೆ. ಹಸಿರಿದ್ದು ಚುಕ್ಕೆ ಮಿಟುಕ್ತಿದ್ರೆ ಒಳಗೆಲ್ಲ ಕ್ಷೇಮ ಅಂತ." ಅವಳು ಕೇಳಿದ್ದಳು, "ಇದೇ ಕೆಟ್ಟೋದ್ರೆ?" ಅವನು ನಕ್ಕಿದ್ದ. "ಕೆಟ್ಟೋದ್ರೆ ಚುಕ್ಕೆ ನಿಂತೋಗುತ್ತೆ." ಆ ನಗು ಈಗ ನೆನಪಾಗಿ ಹಲ್ಲಿನ ಸಂದಿಗೆ ಏನೋ ಸಿಕ್ಕಿಕೊಂಡಂತಾಯಿತು.

ಆ ಭಾನುವಾರ ರಜೆಯ ಪಾಳಿ ಅವಳದು. ಮಧ್ಯಾಹ್ನ ಯಾವಾಗಲೋ ಮೀನಿನ ಕೋಣೆಯ ವಿದ್ಯುತ್ತಿನ ಸ್ವಿಚ್ಚು ತಾನಾಗಿ ಕೆಳಗೆ ಬಿದ್ದು ಕರೆಂಟು ಹೋಯಿತು. ನೀರಿಗೆ ಗಾಳಿಯೂದುವ ಪಂಪೂ ಸೆನ್ಸರ್ ಪೆಟ್ಟಿಗೆಯೂ ಒಟ್ಟಿಗೆ ನಿಂತವು. ಕೋಣೆಯ ಬಾಗಿಲು ದಪ್ಪ, ಅಂಚಿಗೆ ರಬ್ಬರು. ಪಂಪು ನಿಂತದ್ದು ಹೊರಗೆ ಕೇಳಿಸುವಂತಿರಲಿಲ್ಲ. ಹೊರಗಿನ ಕಂಪ್ಯೂಟರಿಗೆ ಬೇರೆ ತಂತಿ, ಅದಕ್ಕೇನೂ ಆಗಲಿಲ್ಲ. ಕಾಯುವ ಪಾಲು ಪೆಟ್ಟಿಗೆಯನ್ನು ಕೇಳಿತು, ಪೆಟ್ಟಿಗೆ ಮಾತಾಡಲಿಲ್ಲ, ಅಲ್ಲಿಗೆ ಅದು ಮುಗ್ಗರಿಸಿ ಸತ್ತಿತು. ಹಾಗೆ ಸತ್ತದ್ದು ತನ್ನ ಸಾವಿನ ಕಾರಣವನ್ನು ಮಡಿಲಲ್ಲೇ ಇಟ್ಟುಕೊಂಡಿರುತ್ತದೆ. ಬಂದು ಕೇಳಿದರೆ ಹೇಳುತ್ತದೆ, ಕೇಳದಿದ್ದರೆ ಇಲ್ಲ. ಕೇಳುವ ಸಾಲನ್ನು ಅವನು ಬರೆದಿರಲಿಲ್ಲ. ಪರದೆಯ ಮೇಲೆ ಕೊನೆಗೆ ತಂದಿಟ್ಟ ಅಂಕಿ, ಏಳು ಪಾಯಿಂಟ್ ಒಂದು, ಅರ್ಧರ್ಧ ಸೆಕೆಂಡಿಗೆ ಹೊಸದಾಗಿ ಹಸಿರು ಬಣ್ಣದಲ್ಲಿ ಬರೆಯಲ್ಪಡುತ್ತ, ಗಡಿಯಾರ ಓಡುತ್ತ, ಚುಕ್ಕೆ ಮಿಟುಕುತ್ತ ಇತ್ತು. ಅದರ ಮುಂದೆ ತೊಟ್ಟಿಯಕ್ಕ ಕಣ್ಣು ನೆಟ್ಟು ಕೂತಿದ್ದಳು. ಗೋಡೆಯಾಚೆ ಮೀನುಗಳು ಮೇಲೆ ಬಂದು ಬಾಯಿ ತೆರೆದವು.

ಸೋಮವಾರ ಬೆಳಿಗ್ಗೆ ಮೊದಲು ಬಂದ ಮೇಡಂ ಸ್ವಿಚ್ಚು ಎತ್ತಿ ಒಳಗೆ ಓಡಿದ್ದರು. ಅವನು ಬರುವಷ್ಟರಲ್ಲಿ ಎಲ್ಲರೂ ಒಳಗಿದ್ದರು. ಬಲೆ, ಬಕೆಟ್ಟು, ಯಾರೋ ಮೂಗು ಸೀಟುವ ಸದ್ದು. ಹೊರಗಿನ ಕೋಣೆಯಲ್ಲಿ ಅವನೊಬ್ಬನೇ. ಪರದೆ ಹಸಿರಾಗಿತ್ತು. ಏಳು ಪಾಯಿಂಟ್ ಒಂದು. ಚುಕ್ಕೆ ಅವನನ್ನು ನೋಡಿ ಮಿಟುಕಿತು. ಆಗಲೇ ಎಲ್ಲವೂ, ಸುರುಳಿ ಬಿಚ್ಚಿಕೊಂಡ ಹಾಗೆ, ಮೊದಲಿನಿಂದ ಕೊನೆಯ ತನಕ ಅರ್ಥವಾಯಿತು. ಮೀನಮೇಷ ಎಣಿಸಲಿಲ್ಲ. ಅದೇ ಅವನಿಗೆ ಈಗಲೂ ನಂಬಲಾಗದ ಸಂಗತಿ: ಎಲ್ಲಕ್ಕೂ ಹಿಂದೆಮುಂದೆ ನೋಡುವ ತಾನು, ತರಕಾರಿ ಕೊಳ್ಳುವಾಗಲೂ ಎರಡು ಸಲ ತಿರುಗಿ ಬರುವ ತಾನು, ಅವತ್ತು ಚೂರೂ ತಡೆಯದೆ ಮೌಸ್ ಹಿಡಿದು ವಿಂಡೋ ಮುಚ್ಚಿದ. ಮತ್ತೆ ತೆರೆದ. ಈಗ ಪೆಟ್ಟಿಗೆಗೆ ಜೀವ ಬಂದಿತ್ತು, ನೀರಿನಲ್ಲಿ ಇನ್ನೂ ಗಾಳಿ ತುಂಬಿರಲಿಲ್ಲ. ಪರದೆ ಕೆಂಪಾಗಿ ಕೂಗತೊಡಗಿತು. ಅದು ಕೂಗುತ್ತಿರುವಾಗಲೇ ಮೇಡಂ ಆ ದಪ್ಪ ಬಾಗಿಲು ತೆರೆದು ಬಂದರು. ಕೈಗವಸಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಪ್ರೋಗ್ರಾಂ ಸರಿ ಇದೆಯಾ?" ಎಂದರು. "ಕೆಂಪು ತೋರಿಸ್ತಿದೆ ಮೇಡಂ," ಎಂದ. ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಮಿಕ್ಕದ್ದನ್ನು ಮೇಡಂ ತಾವೇ ಕೂಡಿಸಿಕೊಂಡರು: ಇದು ಇಷ್ಟು ಹೊತ್ತೂ ಹೀಗೆ ಕೂಗಿದೆ, ಕೇಳಬೇಕಾದವಳು ಕೇಳಿಲ್ಲ.

ಅವತ್ತು ಮಧ್ಯಾಹ್ನವೇ ಸರಿಪಡಿಸಿದ. ಕಾಯುವ ಪಾಲು ಸತ್ತರೆ ಸುದ್ದಿ ಮೇಲೆ ಬರುವಂತೆ ಮಾಡಿದ. ಅಂಕಿ ಹಳಸಿದರೆ ಪರದೆ ಬೂದಿ ಬಣ್ಣಕ್ಕೆ ತಿರುಗುವಂತೆ ಮಾಡಿದ. ಊಟದ ಬಿಡುವಿನಲ್ಲಿ ಮುಗಿದುಹೋಗುವಷ್ಟು ಕೆಲಸ. ಬದಲಾವಣೆಗೆ ಟಿಪ್ಪಣಿ ಬರೆಯಬೇಕಿತ್ತು. 'ಸಣ್ಣ ಸುಧಾರಣೆ' ಎಂದು ಬರೆದ. ಮನೆಯಲ್ಲಿ ಹೆಂಡತಿ, ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದವನನ್ನು ಏನಾಯಿತೆಂದು ಕೇಳಿದಾಗ "ಮೀನು ಸತ್ತವು" ಎಂದ. ಅವಳು "ಅಯ್ಯೋ" ಎಂದು, ಸ್ವಲ್ಪ ಹೊತ್ತು ಬಿಟ್ಟು, ತನ್ನ ಅಣ್ಣನ ಮನೆಯ ವಿಷಯ ಹೇಳತೊಡಗಿದಳು. ಅವನು ಹ್ಞೂಂ ಎನ್ನುತ್ತಿದ್ದ. ಅವಳು ಫಕ್ಕನೆ ಮಾತು ನಿಲ್ಲಿಸಿ, "ನೋಡಿ, ನಾನು ಸುಮ್ಮನಿದ್ರೂ ಹ್ಞೂಂ ಅಂತಿದೀರಿ," ಎಂದು ನಕ್ಕಿದ್ದಳು. ಅವನು ಅದಕ್ಕೂ ಹ್ಞೂಂ ಎಂದಿದ್ದ.

"ಒಳಗೆ ಬರಬೇಕಂತೆ," ಎಂದು ಜವಾನ ಬಾಗಿಲು ತೆರೆದು ಹಿಡಿದ.

ಉದ್ದನೆಯ ಮೇಜಿನ ಆಚೆ ಆಡಳಿತಾಧಿಕಾರಿ, ಅವರ ಪಕ್ಕದಲ್ಲಿ ಮೇಡಂ. ಮೇಡಂ ಮುಖ ಬತ್ತಿತ್ತು. ಆ ತಳಿಯಲ್ಲಿ ಈಗ ಉಳಿದಿರುವುದು, ಬೇರೆ ಕೋಣೆಯಲ್ಲಿದ್ದ ಒಂದು ಬೋಗುಣಿಯಷ್ಟು ಮರಿಗಳು ಮಾತ್ರ. ತೊಟ್ಟಿಯಕ್ಕನಿಗೆ ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ. ಅಧಿಕಾರಿ ಅವಳನ್ನು ಕೇಳಿದರು, ಪರದೆ ಕೆಂಪಾಗಿ ಕೂಗಿದ್ದು ಕೇಳಿಸಲಿಲ್ಲವೇ ಎಂದು. "ಹಸಿರಿತ್ತು ಸಾರ್," ಎಂದಳು. ಆಮೇಲೆ, "ಹಸಿರಿತ್ತು ಅಂತಲೇ ನೆನಪು," ಎಂದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಳ್ಳುತ್ತ, "ಹಸಿರು ಇದ್ದಂಗಿತ್ತು," ಎಂದಳು. ಒಂದೊಂದು ಸಲ ಹೇಳಿದಾಗಲೂ ಅವಳ ಮಾತು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಿದ್ದುದನ್ನು ಕೇಳಿ ಅವನ ಕಿವಿ ಬಿಸಿಯಾಯಿತು.

ಅಧಿಕಾರಿ ಅವನತ್ತ ತಿರುಗಿದರು. "ನಿಮ್ಮ ಪ್ರೋಗ್ರಾಂ ಅವತ್ತು ಸರಿಯಾಗಿ ಕೆಲಸ ಮಾಡ್ತಿತ್ತು. ಅಷ್ಟು ಹೇಳಿದ್ರೆ ಸಾಕು, ನೀವು ಹೊರಡಬಹುದು."

"ಇಲ್ಲ ಅನ್ಸುತ್ತೆ ಸಾರ್," ಎಂದ. ಹೇಳಿಬಿಟ್ಟಿದ್ದ!

"ಅನ್ಸುತ್ತೆ ಅಂದ್ರೆ?"

"ರೀಡಿಂಗ್ ತರೋ ಅಸಿಂಕ್ ಟಾಸ್ಕ್‌ನಲ್ಲಿ ಎಕ್ಸೆಪ್ಷನ್ ಬಂದು ಅದು ನಿಂತಿರಬಹುದು. ಅದನ್ನ ಯಾರೂ ಅವೇಟ್ ಮಾಡ್ತಿರಲಿಲ್ಲ, ಹಾಗಾಗಿ ಎಕ್ಸೆಪ್ಷನ್ ಮೇಲೆ ಬರಲ್ಲ. ವಿಂಡೋದ ಟೈಮರ್ ಮಾತ್ರ ಓಡ್ತಾ ಹಳೇ ವ್ಯಾಲ್ಯೂನೇ ರಿಫ್ರೆಶ್ ಮಾಡ್ತಾ ಇದ್ದಿರಬಹುದು."

ಪ್ರತಿಯೊಂದು ಮಾತೂ ನಿಜ. ಅವೆಲ್ಲ ಮೇಜನ್ನು ದಾಟಲಾರದ ಮಾತುಗಳೆಂಬುದೂ, ದಾಟಲಾರವೆಂದೇ ತಾನು ಅವನ್ನು ಆರಿಸಿಕೊಂಡಿದ್ದೆನೆಂಬುದೂ ಆಡುತ್ತಿರುವಾಗಲೇ ಅವನಿಗೆ ಗೊತ್ತಿತ್ತು. ಅಧಿಕಾರಿ ಪೆನ್ನು ಕೆಳಗಿಟ್ಟರು. ಮೇಡಂ ಮುಂದೆ ಬಾಗಿದರು. "ನಿಂತಿರಬಹುದು, ಇದ್ದಿರಬಹುದು. ನೀವು ನೋಡಿದ್ರಾ?"

ಇದಕ್ಕೆ ಉತ್ತರ ಒಂದೇ ಪದ. ಬಾಯಿ ತೆರೆದ. ಅಷ್ಟರಲ್ಲಿ ಅಧಿಕಾರಿ, "ಸೋಮವಾರ ಇವರು ತೆರೆದಾಗ ಕೆಂಪಿತ್ತು ಅಂತ ನೀವೇ ಹೇಳಿದ್ರಲ್ಲ ಮೇಡಂ," ಎಂದರು. "ಹೌದೇನ್ರಿ?"

"ತೆರೆದಾಗ ಕೆಂಪಿತ್ತು," ಎಂದ.

"ಮತ್ತೆ ಈಗ ಹಾಗೆ ಆಗುತ್ತಾ, ನೀವು ಹೇಳೋ ಹಾಗೆ ನಿಲ್ಲೋದು?"

"ಈಗ ಆಗಲ್ಲ ಸಾರ್. ಸರಿ ಮಾಡಿದೀನಿ."

ಮೇಡಂ ಹಿಂದಕ್ಕೊರಗಿ ಅವನನ್ನೇ ನೋಡಿದರು. ಹಿಡಿದೇ ಬಿಟ್ಟರು ಎಂದುಕೊಂಡ. ಹಿಡಿಯಲಿ ಎಂದೂ ಅಂದುಕೊಂಡ. ಆದರೆ ಅವರ ಬತ್ತಿದ ಮುಖದಲ್ಲಿ ನಿಧಾನವಾಗಿ ಒಂದು ಮೃದುತ್ವ ಹರಡಿತು. "ಇವರು ಯಾಕೆ ಹೀಗೆ ಹೇಳ್ತಿದಾರೆ ಅಂತ ನಂಗೆ ಅರ್ಥ ಆಗುತ್ತೆ," ಎಂದರು ಅಧಿಕಾರಿಗೆ. "ಆಕೆಯ ಹೊಟ್ಟೆ ಮೇಲೆ ಹೊಡೆಯೋದು ಬೇಡ ಅಂತ ತಮ್ಮ ಮೇಲೆ ಎಳ್ಕೊಳ್ತಿದಾರೆ. ಈ ಕಾಲದಲ್ಲಿ ಅಷ್ಟು ಯಾರು ಮಾಡ್ತಾರೆ? ನೋಡಿ, ಸತ್ತದ್ದು ಸತ್ತಾಯ್ತು. ಕೆಲಸದಿಂದ ತೆಗೆಯೋದು ಬೇಡ. ಗಾಜು ತೊಳೆಯೋ ವಿಭಾಗಕ್ಕೆ ಹಾಕಿ. ಮೀನಿನ ಹತ್ತಿರ ಬೇಡ."

ಅಲ್ಲಿ ಅವನು ಮಾತಾಡಬೇಕಿತ್ತು. ಅಲ್ಲ ಮೇಡಂ, ನಾನು ನೋಡಿದೆ, ನಾನೇ ಮುಚ್ಚಿದೆ ಎನ್ನಬೇಕಿತ್ತು. ಆದರೆ ಇಳಿದು ಬಂದ ನಿರಾಳ, ಚಳಿಯಲ್ಲಿ ಮೈಮೇಲೆ ಸುರಿದ ಬಿಸಿನೀರಿನಂತೆ, ಎಷ್ಟು ಹಿತವಾಗಿತ್ತೆಂದರೆ ಅವನು ಸುಮ್ಮನೆ ಅದರಡಿ ನಿಂತುಬಿಟ್ಟ. ಅಧಿಕಾರಿ ಎದ್ದು ಅವನ ಭುಜ ಕೂಡ ತಟ್ಟಿದರು.

ಹೊರಗೆ ಬಂದದ್ದೇ ತೊಟ್ಟಿಯಕ್ಕ ಅವನ ಎರಡೂ ಕೈ ಹಿಡಿದುಕೊಂಡಳು. ತೊಟ್ಟಿ ತಿಕ್ಕಿ ತಿಕ್ಕಿ ಒರಟಾದ ಕೈಗಳು. "ಒಡಹುಟ್ಟಿದವನೂ ಹಿಂಗೆ ನಿಲ್ತಿರಲಿಲ್ಲ ಕಣೋ. ನನ್ನ ತಪ್ಪನ್ನ ನಿನ್ನ ಮೇಲೆ ಹಾಕ್ಕೊಂಡ್ಯಲ್ಲ."

"ನಿಮ್ಮ ತಪ್ಪಿಲ್ಲ ಅಕ್ಕ."

"ಇದೆ. ಬೇಡ, ಸಮಾಧಾನ ಹೇಳ್ಬೇಡ. ನಾನು ತೂಕಡಿಸಿರ್ಬೇಕು. ನಂಗೆ ಗೊತ್ತಾಗದ ಹಾಗೆ ಕಣ್ಣು ಹತ್ತುತ್ತೆ ಅನ್ಸುತ್ತೆ. ಮಗಳೂ ಅದೇ ಅಂದ್ಲು." ಅವಳು ಸೆರಗು ಸರಿಪಡಿಸಿಕೊಳ್ಳುವ ನೆಪದಲ್ಲಿ ಆಚೆ ತಿರುಗಿದಳು. "ಮಗಳು ಕೆಲಸಕ್ಕೆ ಹೋಗುವಾಗ ಮಗುನ ನನ್ನ ಹತ್ರ ಬಿಡ್ತಿದ್ಲು. ನನ್ನ ಪಾಳಿ ಇಲ್ಲದ ಹೊತ್ತು. ಈಗ ಬಿಡಲ್ಲ. ಪಕ್ಕದ ಮನೆಯೋರ ಹತ್ರ ಬಿಟ್ಟು ಹೋಗ್ತಾಳೆ. ಅವಳದ್ದೇನು ತಪ್ಪು? ಕಣ್ಣು ತೆರ್ಕೊಂಡೇ ನಿದ್ದೆ ಮಾಡೋ ಮುದುಕಿ ಹತ್ರ ಕೂಸನ್ನ ಯಾರು ಬಿಡ್ತಾರೆ? ನಾನೇ ಆಗಿದ್ರೂ ಬಿಡ್ತಿರಲಿಲ್ಲ."

ಅವಳು ಇದನ್ನು ದೂರಿನಂತೆ ಹೇಳಲಿಲ್ಲ. ಬಸ್ಸು ತಡವಾಯಿತು ಎನ್ನುವವಳಂತೆ ಹೇಳಿದಳು. ಮೀನು ಸತ್ತವು, ಕೆಲಸ ಬದಲಾಯಿತು, ಇವೆಲ್ಲವನ್ನೂ ಅವನು ಹಗಲಿರುಳು ಮನಸ್ಸಿನಲ್ಲಿ ತೂಗಿದ್ದ, ಒಂದೊಂದಕ್ಕೂ ಒಂದೊಂದು ಸಮಾಧಾನ ಹೊಂದಿಸಿದ್ದ. ಇದು ಅವನ ತಕ್ಕಡಿಯಲ್ಲೇ ಇರಲಿಲ್ಲ. ಅವಳು ಎಚ್ಚರವಾಗಿದ್ದಳು ಎಂಬುದನ್ನೇ ಅವನು ಅವಳಿಂದ ಕಿತ್ತುಕೊಂಡಿದ್ದ.

"ಬನ್ನಿ ಅಕ್ಕ, ಸ್ವಲ್ಪ ನನ್ನ ಕೋಣೆಗೆ ಬನ್ನಿ," ಎಂದ.

ಅವನ ಕೋಣೆ ಕೋಣೆಯಲ್ಲ, ಹಳೆಯ ಮಾನಿಟರುಗಳನ್ನು ಪೇರಿಸಿದ ಉಗ್ರಾಣದ ಒಂದು ಮೂಲೆ. ಮೇಜಿನ ಮೇಲಿದ್ದ ಕಾಗದಗಳನ್ನು ಒತ್ತರಿಸಿ ಗಾಜಿನ ಲೋಟದಲ್ಲಿ ನೀರು ಇಟ್ಟ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಇನ್ನೊಂದು ಸೆನ್ಸರಿನ ಮೂತಿಯನ್ನು ಅದರಲ್ಲಿ ಅದ್ದಿ, ಪೆಟ್ಟಿಗೆಯನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದ. ಪ್ರೋಗ್ರಾಮಿನ ಹಳೆಯ ರೂಪವನ್ನು ತೆರೆದ. ಅಳಿಸಿದ್ದೆಂದುಕೊಂಡದ್ದು ಯಾವುದೂ ಅಳಿಸಿರುವುದಿಲ್ಲ, ಇಂಥ ಕೆಲಸದಲ್ಲಿ. ಗಡಿಯಾರ ಓಡಿತು, ಚುಕ್ಕೆ ಮಿಟುಕಿತು, ಅಂಕಿ ಹಸಿರಾಗಿ ಬಂದು ಕೂತಿತು.

"ಇದೇ ಪರದೆ ಅಲ್ವಾ ಅಕ್ಕ?"

"ಹ್ಞೂಂ, ಇದೇ."

ಅವನು ಪೆಟ್ಟಿಗೆಯ ವಿದ್ಯುತ್ತಿನ ತಂತಿಯನ್ನು ಎಳೆದು ಹಾಕಿದ. ಪೆಟ್ಟಿಗೆಯ ಮೇಲಿನ ದೀಪ ಆರಿತು. ಪರದೆಯ ಮೇಲೆ ಏನೂ ಆಗಲಿಲ್ಲ. ಗಡಿಯಾರ ಓಡುತ್ತಿತ್ತು. ಚುಕ್ಕೆ ಮಿಟುಕುತ್ತಿತ್ತು. ಅವನು ಸೆನ್ಸರಿನ ಮೂತಿಯನ್ನು ನೀರಿನಿಂದ ಹೊರಗೆ ತೆಗೆದು ಗಾಳಿಯಲ್ಲಿ ಹಿಡಿದ, ಲೋಟವನ್ನು ಎತ್ತಿ ಆಚೆಗಿಟ್ಟ, ಪೆಟ್ಟಿಗೆಯನ್ನೇ ಮೇಜಿನಿಂದ ಕೆಳಗಿಳಿಸಿದ. ಹಸಿರು ಅಂಕಿ ಕದಲಲಿಲ್ಲ.

ತೊಟ್ಟಿಯಕ್ಕ ಕುರ್ಚಿಯ ತುದಿಯಲ್ಲಿ ಕೂತು ನೋಡಿದಳು. ಪರದೆಯನ್ನು ನೋಡಿದಳು, ನೆಲದ ಮೇಲಿನ ಪೆಟ್ಟಿಗೆಯನ್ನು ನೋಡಿದಳು, ಮತ್ತೆ ಪರದೆಯನ್ನು. ಬಹಳ ಹೊತ್ತು. ಹೊರಗೆ ಯಾರೋ ತಳ್ಳುಗಾಡಿಯಲ್ಲಿ ಬಾಟಲಿಗಳನ್ನು ಸಾಗಿಸಿಕೊಂಡು ಹೋದರು.

"ಒಳಗೆ ಏನೂ ಇಲ್ಲ," ಎಂದಳು ಮೆಲ್ಲಗೆ. "ಇದು ಸುಮ್ನೆ ಆಡ್ತಿದೆ."

"ಹೌದು ಅಕ್ಕ."

"ಅವತ್ತು ಹಿಂಗಾಯ್ತಾ?"

"ಹಿಂಗೇ ಆಯ್ತು."

"ಹಂಗಾದ್ರೆ ನಾನು ಎಚ್ಚರವಾಗಿದ್ದೆ." ಅದನ್ನು ಅವಳು ತನಗೇ ಹೇಳಿಕೊಂಡಳು. ಎರಡನೆಯ ಸಲ ಹೇಳುವಾಗ ಎದ್ದು ನಿಂತಿದ್ದಳು. "ನಾನು ಎಚ್ಚರವಾಗೇ ಇದ್ದೆ! ಬಾ, ಏಳು, ಇದನ್ನ ಎತ್ಕೋ. ಮೇಡಂಗೆ ಆಮೇಲೆ ಹೇಳು, ಅವರಿಗೆ ನಾಳೆ ಹೇಳಿದ್ರೂ ಆಗುತ್ತೆ. ಮೊದಲು ನನ್ನ ಮಗಳಿಗೆ ತೋರಿಸು. ನಾನು ಹೇಳಿದ್ರೆ ನಂಬಲ್ಲ ಅವಳು."

ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ಅವನು ಎದೆಗೊತ್ತಿಕೊಂಡು ಕೂತಿದ್ದ, ಪೆಟ್ಟಿಗೆ ಅವಳ ಕೈಚೀಲದಲ್ಲಿತ್ತು. ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಮಗುವಿಗೆ ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಮಗಳು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ, ಇವತ್ತು ರಜೆ. ಮಗಳಿಗೆ ಬಾಯಿ ಜೋರು, ಬೇಜಾರು ಮಾಡಿಕೊಳ್ಳಬಾರದು. ಆಮೇಲೆ ಅವನ ಮೊಣಕಾಲು ತಟ್ಟಿ, "ಇದನ್ನ ಕಂಡುಹಿಡಿಯೋಕೆ ನೀನು ಇಷ್ಟು ದಿನ ಎಷ್ಟು ಒದ್ದಾಡಿದೀಯೋ, ಮುಖ ಹೆಂಗೆ ಇಳಿದುಹೋಗಿದೆ," ಎಂದಳು. ಅವನು ಕಿಟಕಿಯ ಕಡೆ ನೋಡಿದ. ಅಂಗಡಿಗಳು, ಒಣಹಾಕಿದ ಬಟ್ಟೆಗಳು, ಮರದಡಿ ನಿಂತ ಸೈಕಲ್ಲು ಹಿಂದಕ್ಕೆ ಹೋದವು. ಇಲ್ಲ ಅಕ್ಕ ಎನ್ನಲು ಒಂದು ನಿಲ್ದಾಣ ಗೊತ್ತುಮಾಡಿಕೊಂಡ, ಅದು ದಾಟಿದ ಮೇಲೆ ಮುಂದಿನ ನಿಲ್ದಾಣದಲ್ಲಿ ಹೇಳುತ್ತೇನೆ ಎಂದುಕೊಂಡ, ಅದೂ ಬಂದು ಹೋಯಿತು. ಇವಳ ಕೈಯಿಂದ ಕಸಿದದ್ದನ್ನು ಹಿಂದಕ್ಕೆ ಕೊಡುವಾಗಲೂ ಅವಳಿಂದ ಏನನ್ನೋ ಕದಿಯುತ್ತಿದ್ದೇನಲ್ಲ ಎಂದು ಅನ್ನಿಸಿತು. ಕೃತಜ್ಞತೆಯ ಆ ಒರಟು ಕೈ ಮೊಣಕಾಲ ಮೇಲೆ ಇನ್ನೂ ಇತ್ತು.

ಎರಡು ಕೋಣೆಯ ಮನೆ. ಬಾಗಿಲು ತೆರೆದ ಮಗಳು ಸೊಂಟದ ಮೇಲೆ ಮಗುವನ್ನು ಹೊತ್ತಿದ್ದಳು. ತಾಯಿಯ ಮುಖ ನೋಡಿ, "ಏನಂದ್ರು? ತೆಗೆದ್ರಾ?" ಎಂದಳು. "ಅದೆಲ್ಲ ಆಮೇಲೆ," ಎಂದು ತೊಟ್ಟಿಯಕ್ಕ ಮೇಜಿನ ಮೇಲಿದ್ದ ಹಾಲಿನ ಬಾಟಲಿ, ಗಿಲಕಿ, ಕರವಸ್ತ್ರಗಳನ್ನು ಒಂದು ಕಡೆ ಬಾಚಿ, "ಇಲ್ಲಿಡು ತಮ್ಮಾ," ಎಂದಳು. ಆಮೇಲೆ ಮಗಳಿಗೆ, "ಲೋಟದಲ್ಲಿ ನೀರು ತಾ. ನೋಡು ಈಗ."

ಅವನು ತೋರಿಸಿದ. ಈ ಸಲ ಟಾಸ್ಕು, ಟೈಮರು ಒಂದೂ ಬಾಯಿಗೆ ಬರಲಿಲ್ಲ. "ಇದು ನೀರನ್ನ ನೋಡಿ ಅಂಕಿ ಹೇಳ್ಬೇಕು. ನೋಡೋದು ನಿಂತುಹೋದ್ರೂ ಹಳೇ ಅಂಕಿನೇ ಹೇಳ್ತಾ ಇತ್ತು. ಗಡಿಯಾರ ಓಡಿಸಿ, ಚುಕ್ಕೆ ಮಿಟುಕಿಸಿ, ಎಲ್ಲ ಸರಿಯಿದೆ ಅಂತ ನಂಬಿಸ್ತಾ ಇತ್ತು. ನಾನು ಹಾಗೆ ಬರೆದಿದ್ದೆ. ನಿಮ್ಮಮ್ಮ ನಿದ್ದೆ ಮಾಡಿರಲಿಲ್ಲ. ಅವರು ಕಣ್ಣಿಟ್ಟು ನೋಡ್ತಾನೇ ಇದ್ರು. ನೋಡಿದ್ದೇ ಸುಳ್ಳು." ಇಷ್ಟು ಸಲೀಸಾಗಿ ಹೇಳಬಹುದಿತ್ತು. ಮಗು ಚುಕ್ಕೆಯ ಕಡೆ ಕೈ ಚಾಚಿ ಉಗುಳು ಸುರಿಸಿತು.

ಮಗಳು ತಂತಿಯನ್ನು ತಾನೇ ಎತ್ತಿಕೊಂಡು ಜೋಡಿಸಿ ಪ್ರೋಗ್ರಾಮನ್ನು ಮತ್ತೆ ತೆರೆಯಲು ಹೇಳಿದಳು. ತಾನೇ ಎಳೆದಳು. ನೋಡಿದಳು. ಲೆಕ್ಕ ಬರೆಯುವವಳ ಕಣ್ಣು, ಅವಸರವಿಲ್ಲ. ಆಮೇಲೆ ಮಗುವನ್ನು ಸೊಂಟದಿಂದ ಇಳಿಸಿ ತಾಯಿಯ ಮಡಿಲಿಗೆ ಹಾಕಿದಳು. ತೊಟ್ಟಿಯಕ್ಕ ಗೋಡೆಗೊರಗಿ ನೆಲದ ಮೇಲೆ ಕೂತು, ಮಗುವಿನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು, ಅದರ ಬೆನ್ನು ತಟ್ಟತೊಡಗಿದಳು. ಕಣ್ಣು ಮುಚ್ಚಿದ್ದಳು. ಮುಚ್ಚಲು ಈಗ ಅವಳಿಗೆ ಹೆದರಿಕೆಯಿರಲಿಲ್ಲ.

ಅವನು ತಂತಿ ಸುತ್ತತೊಡಗಿದ. ಇಷ್ಟಕ್ಕೇ ಮುಗಿಯಿತೆಂದು, ಮುಗಿಯಲೆಂದು, ಬೇಗ ಬೇಗ ಸುತ್ತಿದ.

"ಒಂದು ಕೇಳ್ಲಾ?" ಎಂದಳು ಮಗಳು. ದನಿಯಲ್ಲಿ ಜೋರಿರಲಿಲ್ಲ. "ಇದು ನಿಮಗೆ ಗೊತ್ತಾಗಿದ್ದು ಯಾವಾಗ?"

ಗೊತ್ತಾಗಿರಬಹುದು, ಗೊತ್ತಾದ ಹಾಗಿತ್ತು, ಪರೀಕ್ಷೆ ಮಾಡಿ ನೋಡಬೇಕಿತ್ತು: ಎಲ್ಲವೂ ಸಾಲಾಗಿ ಬಂದು ನಾಲಗೆಯ ಮೇಲೆ ನಿಂತವು. ಲೋಟದ ನೀರಿನಲ್ಲಿ ಕಿಟಕಿಯ ಬೆಳಕು ಅಲುಗಿತು.

"ಅವತ್ತೇ," ಎಂದ.

ತಟ್ಟುತ್ತಿದ್ದ ಕೈ ನಿಂತಿತು.

"ಸೋಮವಾರ ಬೆಳಿಗ್ಗೆ ನಾನು ಬಂದಾಗ ಪರದೆ ಹಸಿರಾಗೇ ಇತ್ತು. ಯಾರೂ ನೋಡಿರಲಿಲ್ಲ. ನಾನೇ ಮುಚ್ಚಿದೆ. ಮತ್ತೆ ತೆರೆದಾಗ ಕೆಂಪಾಯ್ತು. ಕೆಂಪಿದೆ ಅಂತ ಹೇಳಿದೆ. ಇವತ್ತು ಒಳಗೂ ಹೇಳಲಿಲ್ಲ, ಹೇಳಿದ ಹಾಗೆ ಮಾಡಿದೆ. ನಾಳೆ ಹೇಳ್ತೀನಿ ಮೇಡಂಗೆ, ನಿಮಗೆ ಹೇಳಿದ ಹಾಗೇ, ಬಿಡಿಸಿ..."

ಅವನ ದನಿ ಏರಿತ್ತು. ಮಗು ಬೆಚ್ಚಿ ಮುಲುಗಿತು. ಮಗಳು ಅವನನ್ನು ನೋಡುತ್ತಿರಲಿಲ್ಲ, ತಾಯಿಯನ್ನು ನೋಡುತ್ತಿದ್ದಳು. ಕೈ ಮತ್ತೆ ತಟ್ಟತೊಡಗಿತು, ನಿಧಾನವಾಗಿ, ಮೊದಲಿನದೇ ಲಯಕ್ಕೆ. ತೊಟ್ಟಿಯಕ್ಕ ತಲೆಯೆತ್ತಲಿಲ್ಲ.

"ಮಗು ಮಲಗ್ತಿದೆ," ಎಂದಳು. "ಮೆಲ್ಲಗೆ ಮಾತಾಡಿ, ಸಾರ್."